ಸಂಶೋಧನೆಯಲ್ಲಿ ಅಂಕಿಅಂಶ ವಿಶ್ಲೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷಿ, ವೈದ್ಯಕೀಯ, ಶಿಕ್ಷಣ, ಅರ್ಥಶಾಸ್ತ್ರ, ಸಾಹಿತ್ಯ ಹೀಗೆ ಬೇರೆ ಬೇರೆ ವಿಭಾಗಗಳಲ್ಲಿ ಪಿಎಚ್‌ಡಿ, ಸ್ನಾತಕೋತ್ತರ ಪ್ರಬಂಧ ಬರೆಯುವವರಿಗಾಗಿ ಈ ಪುಟ. ಸೂತ್ರಗಳನ್ನು ಯಾವ ಪಠ್ಯಪುಸ್ತಕದಲ್ಲಾದರೂ ನೋಡಿಕೊಳ್ಳಬಹುದು. ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂಬುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ನನ್ನ ಡೇಟಾಗೆ ಯಾವ ಟೆಸ್ಟ್ ಹಾಕಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ಉತ್ತರ ಸಿಗುವುದು ಮಾತ್ರ ಕೊನೆಗೆ. ಟೆಸ್ಟಿನ ಹೆಸರು ಹೇಳುವ ಮುಂಚೆ ನಾಲ್ಕು ಸಂಗತಿ ಗೊತ್ತಿರಬೇಕು. ಅಳೆದದ್ದು ಎಂಥದ್ದು: ಇಳುವರಿಯಂಥ ಸಂಖ್ಯೆಯೋ, ಪಾಸು-ಫೇಲಿನಂಥ ವರ್ಗವೋ, ‘ಕಡಿಮೆ, ಮಧ್ಯಮ, ಹೆಚ್ಚು’ ಎಂಬಂಥ ಶ್ರೇಣಿಯೋ, ಇಷ್ಟು ದಿನಕ್ಕೆ ಹೀಗಾಯಿತು ಎಂಬ ಅವಧಿಯೋ? ಎಷ್ಟು ಗುಂಪು? ಗುಂಪುಗಳಲ್ಲಿರುವವರು ಬೇರೆ ಬೇರೆಯವರೋ, ಅವರನ್ನೇ ಎರಡು ಸಲ ಅಳೆದಿದ್ದೀರೋ? ಅವರನ್ನು ಆರಿಸಿದ್ದು ಹೇಗೆ?

ಇಷ್ಟು ಗೊತ್ತಾದರೆ ದಾರಿ ತಾನಾಗಿ ತೆರೆಯುತ್ತದೆ. ಎರಡು ಬೇರೆ ಗುಂಪುಗಳ ಸರಾಸರಿಗೆ ಟಿ-ಟೆಸ್ಟ್ (ವೆಲ್ಚ್ ರೂಪದ್ದನ್ನೇ ಬಳಸಿ, ಎರಡೂ ಗುಂಪಿನ ಏರುಪೇರು ಸಮ ಎಂದು ಅದು ಭಾವಿಸುವುದಿಲ್ಲ). ಅದೇ ವ್ಯಕ್ತಿಗಳ ಮುಂಚೆ-ಆಮೇಲೆಗೆ ಜೋಡಿ ಟಿ-ಟೆಸ್ಟ್. ಮೂರು ಅಥವಾ ಹೆಚ್ಚು ಗುಂಪಿನ ಸರಾಸರಿಗಳಿಗೆ ಅನೋವಾ (ಏರುಪೇರನ್ನು ಭಾಗ ಮಾಡಿ ನೋಡುವ ವಿಶ್ಲೇಷಣೆ). ವರ್ಗಕ್ಕೆ ವರ್ಗ ಹೋಲಿಸಲು ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ. ಕೋಷ್ಟಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಫಿಷರ್ ನಿಖರ ಪರೀಕ್ಷೆ. ಹೌದು-ಇಲ್ಲ ಎಂಬ ಫಲಿತಕ್ಕೆ ಹಲವು ಕಾರಣ ಸೇರಿದರೆ ಲಾಜಿಸ್ಟಿಕ್ ರಿಗ್ರೆಶನ್.

1938ರಲ್ಲಿ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಹೇಳಿದ ಮಾತಿನ ಸಾರ ಇಷ್ಟು: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಮಾಡುವುದು ಮರಣೋತ್ತರ ಪರೀಕ್ಷೆ, ಯಾವುದರಿಂದ ಸತ್ತಿತು ಅಂತ ಹೇಳಿಯಾನು. ಸಿನಾಪ್ಸಿಸ್ ಬರೆಯುವಾಗಲೇ ಒಂದು ಖಾಲಿ ಫಲಿತಾಂಶ ಕೋಷ್ಟಕ ಬರೆದಿಡಿ. ಅದರ ಸಾಲು-ಕಾಲಂ ತುಂಬಲು ಬೇಕಾದ್ದು ನಿಮ್ಮ ಪ್ರಶ್ನಾವಳಿಯಲ್ಲಿ ಇಲ್ಲದಿದ್ದರೆ ಅವತ್ತೇ ಗೊತ್ತಾಗುತ್ತದೆ.

ಎರಡು ಶಾಲೆಗಳಿಂದ 60-60 ಮಕ್ಕಳನ್ನು ತೆಗೆದುಕೊಂಡಿದ್ದೇನೆ. ನನ್ನ ಮಾದರಿ ಗಾತ್ರ 120 ತಾನೆ?

ಒಂದು ಶಾಲೆಯಲ್ಲಿ ಹೊಸ ಬೋಧನಾ ಕ್ರಮ, ಇನ್ನೊಂದರಲ್ಲಿ ಹಳೆಯದು ಎಂದಾದರೆ, ಅಲ್ಲ. ಕ್ರಮ ಕೊಟ್ಟದ್ದು ಶಾಲೆಗೆ, ಮಗುವಿಗಲ್ಲ. ಒಂದೇ ಮೇಷ್ಟ್ರು, ಒಂದೇ ಕೊಠಡಿ, ಒಂದೇ ಊರಿನ ಪಾಡು. ಆ 60 ಮಕ್ಕಳ ಅಂಕಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲೆಕ್ಕಕ್ಕೆ ನಿಮ್ಮ ಹತ್ತಿರ ಇರುವುದು ಈ ಕಡೆ ಒಂದು, ಆ ಕಡೆ ಒಂದು. ಬಂದ ವ್ಯತ್ಯಾಸ ಬೋಧನಾ ಕ್ರಮದ್ದೋ ಮೇಷ್ಟ್ರದ್ದೋ ಎಂದು ಬೇರ್ಪಡಿಸುವ ಟೆಸ್ಟ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಇದನ್ನು ಹುಸಿ ಪುನರಾವರ್ತನೆ ಎನ್ನುತ್ತಾರೆ. ಪರಿಸರ ವಿಜ್ಞಾನದಲ್ಲಿ 1984ರಲ್ಲಿ ಹರ್ಲ್‌ಬರ್ಟ್ ಇದಕ್ಕೆ ಹೆಸರಿಟ್ಟು ಎಚ್ಚರಿಸಿದರು. ರೋಗ ಮಾತ್ರ ಎಲ್ಲ ವಿಭಾಗಗಳಲ್ಲೂ ಇದೆ. ಒಂದು ತಾಕಿನಿಂದ ಹತ್ತು ಗಿಡದ ಎತ್ತರ ಅಳೆದು ಹತ್ತು ಸಾಲಾಗಿ ತುಂಬುವುದು, ಒಂದೇ ರಕ್ತದ ಮಾದರಿಯನ್ನು ಮೂರು ಸಲ ಓಡಿಸಿ ಮೂರು ರೋಗಿ ಎಂಬಂತೆ ಎಣಿಸುವುದು, ಒಬ್ಬನ ಎರಡು ಕಣ್ಣನ್ನು ಇಬ್ಬರೆಂದು ಲೆಕ್ಕ ಹಾಕುವುದು, ಎಲ್ಲ ಒಂದೇ ತಪ್ಪು. ಪರಿಣಾಮ ಯಾವಾಗಲೂ ಒಂದೇ ದಿಕ್ಕಿನಲ್ಲಿರುತ್ತದೆ: ದೋಷದ ಅಂದಾಜು ಕುಗ್ಗಿ, ಇಲ್ಲದ ವ್ಯತ್ಯಾಸ ‘ಸಾರ್ಥಕ’ (ಸಿಗ್ನಿಫಿಕೆಂಟ್, ಅಂದರೆ ಬರೀ ಆಕಸ್ಮಿಕವಲ್ಲ ಎಂಬಂತೆ) ಆಗಿ ಕಾಣುತ್ತದೆ.

ಪರಿಹಾರ ಹೀಗೆ. ತಾಕಿನ ಹತ್ತು ಗಿಡಗಳ ಸರಾಸರಿ ತೆಗೆದು ತಾಕಿಗೆ ಒಂದೇ ಸಂಖ್ಯೆ ತುಂಬಿ. ಶಾಲೆಗಳಾದರೆ ಎರಡು ಶಾಲೆಯಿಂದ 60-60 ಮಕ್ಕಳ ಬದಲು, ಅದೇ ಶ್ರಮದಲ್ಲಿ 12 ಶಾಲೆಯಿಂದ ಹತ್ತು-ಹತ್ತು ಮಕ್ಕಳನ್ನು ತೆಗೆದುಕೊಂಡು ಬಹುಸ್ತರ ಮಾಡೆಲ್ (ಮಗು, ಶಾಲೆ ಎರಡೂ ಮಟ್ಟದ ಏರುಪೇರನ್ನು ಲೆಕ್ಕಕ್ಕೆ ಹಿಡಿಯುವ ವಿಧಾನ) ಬಳಸಿ. ಎರಡೇ ಶಾಲೆ ಸಾಧ್ಯವೆಂದಾದರೆ ಒಂದೇ ಶಾಲೆಯೊಳಗೆ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಲು ಆಗುತ್ತದೆಯೇ ನೋಡಿ.

ಎಲ್ಲರೂ 385 ಅನ್ನುತ್ತಾರೆ. ಅದು ಎಲ್ಲಿಂದ ಬಂತು?

ಒಂದು ಸಮಷ್ಟಿಯಲ್ಲಿ (ಅಧ್ಯಯನ ಯಾರ ಬಗ್ಗೆಯೋ ಆ ಇಡೀ ಸಮೂಹದಲ್ಲಿ) ಇಂತಿಷ್ಟು ಶೇಕಡಾ ಜನ ಹೀಗಿದ್ದಾರೆ ಎಂದು 5 ಶೇಕಡಾ ಆಚೀಚೆ, 95 ಶೇಕಡಾ ವಿಶ್ವಾಸದಲ್ಲಿ ಹೇಳಲು ಬೇಕಾದ ಗಾತ್ರ ಅದು. 1.96 × 1.96 × 0.5 × 0.5 ÷ (0.05 × 0.05) = 384.16, ಮೇಲಕ್ಕೆ ಪೂರ್ಣಗೊಳಿಸಿದರೆ 385. ಸಮಷ್ಟಿ ಚಿಕ್ಕದಿದ್ದರೆ ಕಡಿಮೆ ಸಾಕು. 1,000 ಜನರ ಪಟ್ಟಿಯಿಂದಾದರೆ 278. ‘ಸಮಷ್ಟಿ ದೊಡ್ಡದಾದಷ್ಟೂ ಮಾದರಿ ಬೆಳೆಯುತ್ತಲೇ ಹೋಗಬೇಕು’, ‘10 ಶೇಕಡಾ ಇರಲೇಬೇಕು’ ಎಂಬ ಮಾತುಗಳಿಗೆ ಬುಡವಿಲ್ಲ. ಅನ್ನ ಬೆಂದಿದೆಯೇ ನೋಡಲು ಮದುವೆ ಮನೆಯ ಕೊಪ್ಪರಿಗೆಗೂ ನಾಲ್ಕು ಅಗುಳೇ ಸಾಕು, ಸೌಟು ಹಾಕಿ ಕಲಕಿರಬೇಕು ಅಷ್ಟೆ.

ಆದರೆ 385 ಎಂಬುದು ಸರಳ ಯಾದೃಚ್ಛಿಕ ಆಯ್ಕೆಗೆ, ಒಂದೇ ಶೇಕಡಾವಾರು ಅಂದಾಜಿಗೆ. ನೀವು ಹಳ್ಳಿಗಳನ್ನು ಆರಿಸಿ ಹಳ್ಳಿಗೆ 20 ಮನೆ ಹೋಗುವವರಾದರೆ, ಒಂದೇ ಹಳ್ಳಿಯವರ ಹೋಲಿಕೆಗೆ ಬೆಲೆ ತೆರಬೇಕು. ಹಳ್ಳಿಯೊಳಗಿನ ಸಹಸಂಬಂಧ ಬರೀ 0.05 ಇದ್ದರೂ 1 + 19 × 0.05 = 1.95 ಪಟ್ಟು, ಅಂದರೆ 751 ಮನೆ ಬೇಕು.

ಎರಡು ಗುಂಪು ಹೋಲಿಸುವ ಪ್ರಶ್ನೆಯಾದರೆ ಸೂತ್ರವೇ ಬೇರೆ. ಅಲ್ಲಿ ಕೇಳಬೇಕಾದ್ದು: ಎಷ್ಟು ವ್ಯತ್ಯಾಸವಿದ್ದರೆ ನನ್ನ ಕ್ಷೇತ್ರದಲ್ಲಿ ಲೆಕ್ಕಕ್ಕೆ ಬರುತ್ತದೆ? 5 ಶೇಕಡಾ ಮಟ್ಟ, 80 ಶೇಕಡಾ ಸಾಮರ್ಥ್ಯದಲ್ಲಿ (ನಿಜಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಂಭವ), ಮಾನಕ ವಿಚಲನೆಯ ಅರ್ಧದಷ್ಟು ವ್ಯತ್ಯಾಸ ಹಿಡಿಯಲು ಗುಂಪಿಗೆ 64 ಜನ ಬೇಕು. ವ್ಯತ್ಯಾಸ 0.8ರಷ್ಟು ದೊಡ್ಡದಾದರೆ 26 ಸಾಕು, 0.2ರಷ್ಟು ಚಿಕ್ಕದಾದರೆ 394. ನಡುವೆ 15 ಶೇಕಡಾ ಜನ ಬಿಟ್ಟುಹೋಗುತ್ತಾರೆ ಎಂದಿದ್ದರೆ 64ನ್ನು 0.85ರಿಂದ ಭಾಗಿಸಿ, 76 ಜನರಿಂದ ಶುರು ಮಾಡಿ. ಈ ಲೆಕ್ಕಕ್ಕೆ ಜಿ-ಪವರ್ ಎಂಬ ಉಚಿತ ತಂತ್ರಾಂಶ ಸಾಕು. ಹಳೆಯ ಪ್ರಬಂಧದಲ್ಲಿ 60 ಇತ್ತು, ಹಾಗಾಗಿ ನನ್ನದೂ 60 ಎನ್ನುವುದು ಲೆಕ್ಕವಲ್ಲ, ಸಂಪ್ರದಾಯ.

ಗೂಗಲ್ ಫಾರ್ಮನ್ನು ವಾಟ್ಸ್ಯಾಪ್ ಗುಂಪುಗಳಿಗೆ ಹಾಕಿದೆ. 2,000 ಜನ ತುಂಬಿದ್ದಾರೆ. ಇಷ್ಟು ದೊಡ್ಡ ಮಾದರಿ ಸಾಕಲ್ಲವೇ?

ಅಮೆರಿಕದಲ್ಲಿ 1936ರ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಸುಮಾರು 61 ಶೇಕಡಾ ಮತದೊಂದಿಗೆ. ವಿಳಾಸಗಳು ಬಂದದ್ದು ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಉತ್ತರಿಸಿದವರು ಉತ್ತರಿಸುವ ಹುರುಪಿದ್ದವರು. ಸಂಖ್ಯೆ ಹೆಚ್ಚಿದರೆ ಆಕಸ್ಮಿಕ ದೋಷ ಕುಗ್ಗುತ್ತದೆ, ಓರೆ ಹಾಗೇ ಉಳಿಯುತ್ತದೆ.

ಫಾರ್ಮಿನ ಡೇಟಾ ನಿರುಪಯೋಗಿ ಅಂತಲ್ಲ. ಪ್ರಶ್ನಾವಳಿಯನ್ನು ಪರೀಕ್ಷಿಸಲು, ಉತ್ತರಿಸಿದವರೊಳಗಿನ ಸಂಬಂಧಗಳನ್ನು ನೋಡಲು ಆಗುತ್ತದೆ. ‘ಕರ್ನಾಟಕದ ಶಿಕ್ಷಕರಲ್ಲಿ 72 ಶೇಕಡಾ’ ಎಂದು ಬರೆಯಲು ಮಾತ್ರ ಆಗದು. ಒಬ್ಬರೇ ಎರಡು ಸಲ ತುಂಬಿರುವುದನ್ನು ಮೊದಲು ಸೋಸಿ.

ಪಿ-ಮೌಲ್ಯ ಅಂದರೆ ನಿಜಕ್ಕೂ ಏನು? 0.05 ಯಾರು ನಿಗದಿ ಮಾಡಿದರು?

ವ್ಯತ್ಯಾಸವೇ ಇಲ್ಲ ಎಂದು ಒಪ್ಪಿಕೊಂಡು ನೋಡಿದರೆ, ನಮಗೆ ಬಂದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವನೀಯತೆ. ಅಷ್ಟೆ. ನಿಮ್ಮ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವನೀಯತೆ ಅಲ್ಲ, ಪರಿಣಾಮದ ಗಾತ್ರವೂ ಅಲ್ಲ. ವೈವಾದಲ್ಲಿ ಹೆಚ್ಚು ಜನ ಜಾರುವ ಜಾಗ ಇದು.

0.05ನ್ನು ಅನುಕೂಲದ ಗೆರೆಯಾಗಿ ಪ್ರಚಾರಕ್ಕೆ ತಂದದ್ದು ಫಿಷರ್, 1925ರಲ್ಲಿ. ಎಲ್ಲ ಕ್ಷೇತ್ರಗಳೂ ಅದನ್ನೇ ಹಿಡಿದಿಲ್ಲ. ಕಣ ಭೌತವಿಜ್ಞಾನದಲ್ಲಿ 5 ಸಿಗ್ಮಾ ಬೇಕು, ಅಂದರೆ ಸುಮಾರು 35 ಲಕ್ಷಕ್ಕೆ ಒಂದು. 2012ರ ಜುಲೈ 4ರಂದು ಹಿಗ್ಸ್ ಕಣದ ಘೋಷಣೆಯಾದದ್ದು ಆ ಗೆರೆ ಮುಟ್ಟಿದ ಮೇಲೆ. ಇಡೀ ಜೀನೋಮ್ ಹುಡುಕುವ ಅಧ್ಯಯನಗಳಲ್ಲಿ 0.00000005. ಅಲ್ಲಿ ಲಕ್ಷಾಂತರ ಪರೀಕ್ಷೆ ಒಟ್ಟಿಗೆ ನಡೆಯುವುದರಿಂದ ಗೆರೆ ಬಿಗಿಯಾಗಲೇಬೇಕು.

ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶ ‘0.000’ ಎಂದು ತೋರಿಸುವುದನ್ನು ಹಾಗೇ ನಕಲು ಮಾಡಬೇಡಿ. ಪಿ-ಮೌಲ್ಯ ಸೊನ್ನೆಯಾಗುವುದಿಲ್ಲ, ‘0.001ಕ್ಕಿಂತ ಕಡಿಮೆ’ ಎಂದು ಬರೆಯಿರಿ.

ನನಗೆ 0.07 ಬಂದಿದೆ. ವ್ಯತ್ಯಾಸ ಇಲ್ಲ ಎಂದು ಬರೆಯಲೇ?

ಬೇಡ. ವ್ಯತ್ಯಾಸಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ ಎಂಬುದು ಬೇರೆ, ವ್ಯತ್ಯಾಸ ಇಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತು ಎಂಬುದು ಬೇರೆ. ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ನೋಡಿ. ರಕ್ತದೊತ್ತಡದ ಇಳಿಕೆ 4 ಅಂಕ, ವಿಶ್ವಾಸಾಂತರ -0.3ರಿಂದ 8.3 ಎಂದಿದ್ದರೆ, ಏನೂ ಇಲ್ಲದ್ದಕ್ಕೂ ತುಂಬ ಉಪಯುಕ್ತವಾದ್ದಕ್ಕೂ ಎರಡಕ್ಕೂ ಜಾಗವಿದೆ. ಅಧ್ಯಯನ ಚಿಕ್ಕದಾಯಿತು ಎಂದರ್ಥ. ಅದೇ -0.5ರಿಂದ 0.6 ಎಂದಿದ್ದರೆ, ಇದ್ದರೂ ನಗಣ್ಯ ಎಂದು ಧೈರ್ಯವಾಗಿ ಹೇಳಬಹುದು.

ಇನ್ನೊಂದು ಹತ್ತು ಜನರನ್ನು ಸೇರಿಸಿ ಮತ್ತೆ ನೋಡೋಣ, ಬರದಿದ್ದರೆ ಇನ್ನೂ ಹತ್ತು ಎನ್ನುವುದು ಮೋಸಕ್ಕೆ ಹತ್ತಿರದ ಅಭ್ಯಾಸ. ಪ್ರತಿ ಸಲ ಇಣುಕಿದಾಗಲೂ ತಪ್ಪು ಸಿಳ್ಳೆ ಹೊಡೆಯುವ ಅವಕಾಶ ಏರುತ್ತದೆ.

ವಯಸ್ಸು, ಲಿಂಗ, ಜಾತಿ, ಆದಾಯ ಎಲ್ಲದರ ಮೇಲೂ ಟೆಸ್ಟ್ ಮಾಡಿದರೆ ಏನು ತೊಂದರೆ?

ಏನೂ ಇಲ್ಲದ ಕಡೆ 20 ಸ್ವತಂತ್ರ ಟೆಸ್ಟ್ ಮಾಡಿದರೆ, ಒಂದಾದರೂ ‘ಸಾರ್ಥಕ’ ಎಂದು ಬರುವ ಸಂಭವ 64 ಶೇಕಡಾ. ಶಿಕ್ಷಣ ಮತ್ತು ವಾಣಿಜ್ಯ ವಿಭಾಗದ ಪ್ರಬಂಧಗಳಲ್ಲಿ 40 ಪ್ರಾಕ್ಕಲ್ಪನೆಗಳ ಪಟ್ಟಿ ಮಾಮೂಲು; ಅದರಲ್ಲಿ ಬಂದ ಎರಡು-ಮೂರನ್ನು ಹಿಡಿದು ಒಂದು ಅಧ್ಯಾಯ ಬರೆದಿರುತ್ತಾರೆ. ಮುಖ್ಯ ಪ್ರಾಕ್ಕಲ್ಪನೆ ಒಂದೋ ಎರಡೋ ಎಂದು ಮೊದಲೇ ಬರೆದಿಡಿ. ಉಳಿದದ್ದಕ್ಕೆ ಬಾನ್‌ಫೆರೋನಿ (0.05ನ್ನು ಟೆಸ್ಟುಗಳ ಸಂಖ್ಯೆಯಿಂದ ಭಾಗಿಸುವುದು, 10 ಟೆಸ್ಟಿಗೆ ಗೆರೆ 0.005) ಅಥವಾ ಅಷ್ಟು ಕಠಿಣವಲ್ಲದ ಬೆಂಜಮಿನಿ-ಹಾಕ್‌ಬರ್ಗ್ ವಿಧಾನ ಬಳಸಿ.

ಇದು ಬರೀ ನಮ್ಮ ವಿಶ್ವವಿದ್ಯಾಲಯಗಳ ಕಥೆಯಲ್ಲ. ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ನಡೆಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮೂಲದಲ್ಲಿ 97 ಶೇಕಡಾ ಸಾರ್ಥಕವಾಗಿದ್ದರೆ ಮರುಪ್ರಯೋಗದಲ್ಲಿ 36 ಶೇಕಡಾ ಮಾತ್ರ.

ಡೇಟಾ ‘ನಾರ್ಮಲ್’ ಇಲ್ಲ ಎಂದು ಸಾಫ್ಟ್‌ವೇರ್ ಹೇಳುತ್ತಿದೆ. ಈಗ?

ನಾರ್ಮಲ್ (ಗಂಟೆಯ ಆಕಾರದ ಹಂಚಿಕೆ) ಇರಬೇಕಾದ್ದು ಕಚ್ಚಾ ಡೇಟಾ ಅಲ್ಲ, ಮಾಡೆಲ್ ಊಹಿಸಿದ್ದನ್ನು ಕಳೆದು ಉಳಿಯುವ ಶೇಷ. ನಾರ್ಮಲ್ ಇದೆಯೇ ಎಂದು ನೋಡುವ ಶಪಿರೊ-ವಿಲ್ಕ್ ಪರೀಕ್ಷೆಗೆ ಒಂದು ಕೆಟ್ಟ ಗುಣವಿದೆ: 15 ಜನರಿದ್ದಾಗ, ಅಂದರೆ ನಿಜಕ್ಕೂ ಬೇಕಾದಾಗ, ಏನನ್ನೂ ಹಿಡಿಯುವುದಿಲ್ಲ; 2,000 ಇದ್ದಾಗ ಲೆಕ್ಕಕ್ಕಿಲ್ಲದ ಸೊಟ್ಟನ್ನೂ ಹಿಡಿದು ಗಲಾಟೆ ಮಾಡುತ್ತದೆ. ಶೇಷಗಳ ಕ್ಯೂ-ಕ್ಯೂ ನಕ್ಷೆ (ನಾರ್ಮಲ್ ಇದ್ದರೆ ಚುಕ್ಕೆಗಳು ನೇರ ಗೆರೆಯ ಮೇಲೆ ಬೀಳುತ್ತವೆ) ಕಣ್ಣಿಂದ ನೋಡಿ. ಆದಾಯ, ಆಸ್ಪತ್ರೆ ಖರ್ಚು, ಹಿಡುವಳಿಯ ಗಾತ್ರ ಇವು ಬಲಕ್ಕೆ ಬಾಲ ಎಳೆದಿರುತ್ತವೆ. ಲಾಗ್ ತೆಗೆದರೆ ಹೆಚ್ಚಿನ ಸಲ ಸರಿಹೋಗುತ್ತದೆ, ವರದಿಯಲ್ಲಿ ಸರಾಸರಿಯ ಜೊತೆ ಮಧ್ಯಾಂಕವನ್ನೂ ಕೊಡಿ.

ನಕ್ಷೆ ನೋಡದೆ ಸಂಖ್ಯೆ ನಂಬಬಾರದು ಎಂಬುದಕ್ಕೆ 1973ರ ಆನ್‌ಸ್ಕೋಮ್ ಉದಾಹರಣೆ ಇದೆ: ನಾಲ್ಕು ಡೇಟಾ ಗುಂಪು, ನಾಲ್ಕರಲ್ಲೂ ಸರಾಸರಿಗಳು 9 ಮತ್ತು 7.5, ಸಹಸಂಬಂಧ 0.816. ಚಿತ್ರ ಬಿಡಿಸಿದರೆ ಒಂದು ಚದುರಿದ ಗೆರೆ, ಒಂದು ಬಿಲ್ಲು, ಎರಡರಲ್ಲಿ ಒಂದೇ ಒಂದು ಒಂಟಿ ಚುಕ್ಕೆ ಇಡೀ ಲೆಕ್ಕ ಕೆಡಿಸಿದ್ದು.

ಲೈಕರ್ಟ್ ಮಾಪಕಕ್ಕೆ ಸರಾಸರಿ ತೆಗೆಯಬಹುದೇ?

ಲೈಕರ್ಟ್ ಎಂದರೆ ಹೇಳಿಕೆಗೆ ‘ಪೂರ್ತಿ ಒಪ್ಪುವುದಿಲ್ಲ’ದಿಂದ ‘ಪೂರ್ತಿ ಒಪ್ಪುತ್ತೇನೆ’ವರೆಗೆ ಗುರುತು ಹಾಕಿಸುವ ಮಾಪಕ. 20 ಹೇಳಿಕೆ ಸೇರಿಸಿದ ಮೊತ್ತಕ್ಕೆ ತೆಗೆಯಬಹುದು. ಒಂದೇ ಹೇಳಿಕೆಯ 1ರಿಂದ 5ಕ್ಕೆ ಶೇಕಡಾವಾರು ಕೊಡುವುದೇ ಮೇಲು. ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರಾನ್‌ಬಾಕ್ ಆಲ್ಫಾ 0.7 ದಾಟಬೇಕು ಎಂಬ ರೂಢಿಯಿದೆ, ಆದರೆ ಹೇಳಿಕೆಗಳ ಸಂಖ್ಯೆ ಹೆಚ್ಚಿಸಿದರೆ ಆಲ್ಫಾ ತಾನಾಗಿ ಏರುತ್ತದೆ. ಆಲ್ಫಾ ಋಣಾತ್ಮಕವಾಗಿ ಬಂದರೆ ಗಾಬರಿ ಬೇಡ. ‘ನನಗೆ ಗಣಿತ ಇಷ್ಟವಿಲ್ಲ’ ಎಂಬಂಥ ತಿರುಗು ಹೇಳಿಕೆಗಳ ಅಂಕ ತಿರುಗಿಸಲು ಮರೆತಿರುತ್ತೀರಿ.

ಇಂಗ್ಲಿಷ್ ಮಾಪಕವನ್ನು ಕನ್ನಡಕ್ಕೆ ತಂದಾಗ ಇಬ್ಬಗೆ ನಕಾರ ಬಹಳ ತೊಂದರೆ ಕೊಡುತ್ತದೆ. ‘ನನಗೆ ಬೇಸರವಾಗುವುದಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಿದವರು ಏನು ಹೇಳಿದರು ಎಂದು ಅವರಿಗೇ ಗೊತ್ತಿರುವುದಿಲ್ಲ. ಬೇರೊಬ್ಬರಿಂದ ಮತ್ತೆ ಮೂಲ ಭಾಷೆಗೆ ಅನುವಾದ ಮಾಡಿಸಿ ತಾಳೆ ನೋಡಿ, 30 ಜನರ ಮೇಲೆ ಪ್ರಾಯೋಗಿಕವಾಗಿ ಓಡಿಸಿ, ಹತ್ತು ಜನರ ಹತ್ತಿರ ‘ಇದನ್ನು ಓದಿ ಏನು ಅರ್ಥವಾಯಿತು’ ಎಂದು ಬಾಯಿಬಿಟ್ಟು ಕೇಳಿ.

ಕೃಷಿ ಪ್ರಬಂಧಗಳಲ್ಲಿ ಬರುವ ಎಸ್‌ಇಎಂ, ಸಿಡಿ ಎಂದರೇನು? ಎಲ್ಲಿ ತಪ್ಪುತ್ತದೆ?

ಸರಾಸರಿಯ ಮಾನಕ ದೋಷ ಎಸ್‌ಇಎಂ. ಎರಡು ಉಪಚಾರಗಳ (ಹೋಲಿಸುವ ತಳಿ, ಗೊಬ್ಬರ ಇತ್ಯಾದಿ) ನಡುವೆ ಕನಿಷ್ಠ ಎಷ್ಟು ಅಂತರವಿದ್ದರೆ ಸಾರ್ಥಕ ಎಂಬುದು ಸಿಡಿ. ಲೆಕ್ಕ ಹೀಗೆ: ರಾಗಿಯ 5 ತಳಿ, 4 ಪುನರಾವರ್ತನೆ, ಯಾದೃಚ್ಛಿಕ ಖಂಡ ವಿನ್ಯಾಸ ಎಂದುಕೊಳ್ಳಿ. ದೋಷದ ಸ್ವಾತಂತ್ರ್ಯಾಂಕ (5−1) × (4−1) = 12. ಅನೋವಾ ಕೋಷ್ಟಕದಲ್ಲಿ ದೋಷದ ಸರಾಸರಿ ವರ್ಗ 4.0 ಬಂದರೆ, ಅದನ್ನು 4ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಎಸ್‌ಇಎಂ 1.0. ಸಿಡಿ = 2.179 × 1.414 × 1.0 = 3.08 (2.179 ಎಂಬುದು ಸ್ವಾತಂತ್ರ್ಯಾಂಕ 12ಕ್ಕೆ 5 ಶೇಕಡಾ ಮಟ್ಟದ ಟಿ ಮೌಲ್ಯ, 1.414 ಎಂಬುದು 2ರ ವರ್ಗಮೂಲ). ಎರಡು ತಳಿಗಳ ಸರಾಸರಿ ಇಳುವರಿಯ ಅಂತರ ಎಕರೆಗೆ 3.08 ಕ್ವಿಂಟಲಿಗಿಂತ ಕಡಿಮೆಯಿದ್ದರೆ ಸುಮ್ಮನಿರಬೇಕು.

ದೋಷದ ಸ್ವಾತಂತ್ರ್ಯಾಂಕ 12ಕ್ಕಿಂತ ಕಡಿಮೆಯಾಗದಂತೆ ಪುನರಾವರ್ತನೆ ಇಟ್ಟುಕೊಳ್ಳುವುದು ವಾಡಿಕೆ. 5 ಉಪಚಾರಕ್ಕೆ 3 ಪುನರಾವರ್ತನೆ ಇಟ್ಟರೆ 8ಕ್ಕೆ ಇಳಿಯುತ್ತದೆ.

ತಪ್ಪುಗಳು ಹೆಚ್ಚಾಗಿ ಹೊಲದಲ್ಲೇ ಆಗಿರುತ್ತವೆ. ಇಳಿಜಾರು ಪಡುವಣದಿಂದ ಮೂಡಣಕ್ಕಿದ್ದರೆ ಪ್ರತಿ ಖಂಡವೂ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಮಲಗಬೇಕು. ಇಳಿಜಾರಿನ ಉದ್ದಕ್ಕೆ ಖಂಡ ಎಳೆದರೆ ಮಣ್ಣಿನ ವ್ಯತ್ಯಾಸವೆಲ್ಲ ದೋಷದೊಳಕ್ಕೆ ನುಗ್ಗುತ್ತದೆ. ತಾಕಿನ ಅಂಚಿನ ಸಾಲುಗಳನ್ನು ಬಿಟ್ಟು ಕೊಯ್ಯಬೇಕು, ಪಕ್ಕದ ತಾಕಿನ ಗೊಬ್ಬರ ಅವುಗಳಿಗೆ ಸಿಕ್ಕಿರುತ್ತದೆ. ವಿಚಲನಾಂಕ (ಸಿವಿ, ಸರಾಸರಿಗೆ ಹೋಲಿಸಿದ ಏರುಪೇರು) 20 ಶೇಕಡಾ ದಾಟಿದರೆ ಹೊಲದ ಪುಸ್ತಕ ತೆರೆದು ಯಾವ ತಾಕಿನಲ್ಲಿ ಏನಾಯಿತು ನೋಡಿ. ಹಂದಿ ನುಗ್ಗಿದ ತಾಕು ಒಂದು ಇದ್ದೇ ಇರುತ್ತದೆ.

ವಿಶ್ಲೇಷಣೆಯಲ್ಲಿ ಹೆಚ್ಚು ಕಾಣುವ ತಪ್ಪು ಮೂರು. ಒಂದು, ಅನೋವಾದ ಎಫ್ ಪರೀಕ್ಷೆ ಸಾರ್ಥಕವಲ್ಲದಿದ್ದರೂ ಸಿಡಿ ಹಿಡಿದು ಜೋಡಿ ಹೋಲಿಸುವುದು. ಎರಡು, ನೀರಾವರಿಯನ್ನು ದೊಡ್ಡ ತಾಕಿಗೂ ಗೊಬ್ಬರವನ್ನು ಒಳತಾಕಿಗೂ ಕೊಟ್ಟು, ವಿಶ್ಲೇಷಣೆಯನ್ನು ಸಾಮಾನ್ಯ ಫ್ಯಾಕ್ಟೋರಿಯಲ್ ಎಂಬಂತೆ ಮಾಡುವುದು. ವಿಭಜಿತ ತಾಕು ವಿನ್ಯಾಸದಲ್ಲಿ ಎರಡು ದೋಷಗಳಿವೆ, ನೀರಾವರಿಗೆ ದೊಡ್ಡ ತಾಕಿನ ದೋಷವೇ ಬೇಕು. ಮೂರು, ಸಾರಜನಕ 0, 25, 50, 75, 100 ಕಿಲೋ ಕೊಟ್ಟು ಜೋಡಿ ಜೋಡಿಯಾಗಿ ಹೋಲಿಸುವುದು. ಪ್ರಮಾಣಗಳಿಗೆ ಬೇಕಾದ್ದು ರಿಗ್ರೆಶನ್ ರೇಖೆ, ಯಾಕೆಂದರೆ ರೈತ ಕೇಳುವುದು ‘ಎಷ್ಟು ಹಾಕಲಿ’ ಎಂದು, 50ಕ್ಕೂ 75ಕ್ಕೂ ಕೋಷ್ಟಕದಲ್ಲಿ ವ್ಯತ್ಯಾಸ ತೋರಿಸುವ ಎ, ಬಿ ಅಕ್ಷರ ಬೇರೆಯೇ ಎಂದಲ್ಲ.

ವೈದ್ಯಕೀಯ ಅಧ್ಯಯನಗಳಲ್ಲಿ ವಿಶೇಷವಾಗಿ ಏನು ನೋಡಿಕೊಳ್ಳಬೇಕು?

ಮೊದಲು ನೋಂದಣಿ. ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ರಿಜಿಸ್ಟ್ರಿ 2007ರಿಂದ ಇದೆ. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು. ಆಮೇಲೆ ಹೋದರೆ ತೆಗೆದುಕೊಳ್ಳುವುದಿಲ್ಲ.

ಆಡ್ಸ್ (ಆದವರನ್ನು ಆಗದವರಿಂದ ಭಾಗಿಸಿದ್ದು) ಅನುಪಾತವನ್ನು ‘ಇಷ್ಟು ಪಟ್ಟು ಅಪಾಯ’ ಎಂದು ಓದಬೇಡಿ. ಒಂದು ಗುಂಪಿನಲ್ಲಿ 80 ಶೇಕಡಾ, ಇನ್ನೊಂದರಲ್ಲಿ 60 ಶೇಕಡಾ ಗುಣವಾದರೆ ನಿಜವಾದ ಅನುಪಾತ 1.33, ಆಡ್ಸ್ ಅನುಪಾತ 2.67. ಘಟನೆ ಅಪರೂಪವಾದಾಗ ಮಾತ್ರ ಇವೆರಡೂ ಹತ್ತಿರ ಬರುತ್ತವೆ.

ಹೋಲಿಕೆ ಗುಂಪಿಲ್ಲದೆ ಮುಂಚೆ-ಆಮೇಲೆ ಅಳೆದ ಅಧ್ಯಯನ ಎಂದರೆ ಅನುಮಾನ ಇರಲಿ. ರಕ್ತದೊತ್ತಡ 160 ದಾಟಿದವರನ್ನೇ ಆರಿಸಿ ಎರಡು ವಾರ ಬಿಟ್ಟು ಅಳೆದರೆ, ಔಷಧ ಕೊಡದಿದ್ದರೂ ಸರಾಸರಿ ಇಳಿದಿರುತ್ತದೆ. ಅವತ್ತು ಅಕಸ್ಮಾತ್ ಏರಿದ್ದವರು ತಮ್ಮ ಮಾಮೂಲಿಗೆ ಮರಳಿರುತ್ತಾರೆ.

ಹೊಸ ಪರೀಕ್ಷೆಯೊಂದು 95 ಶೇಕಡಾ ಸಂವೇದನೆ, 95 ಶೇಕಡಾ ನಿರ್ದಿಷ್ಟತೆ ಇರುವಂಥದ್ದು ಎಂದಿರಲಿ. ರೋಗ ನೂರಕ್ಕೆ ಒಬ್ಬರಲ್ಲಿದ್ದರೆ, 10,000 ಜನರಲ್ಲಿ 100 ರೋಗಿಗಳ ಪೈಕಿ 95 ಪಾಸಿಟಿವ್, ಆರೋಗ್ಯವಂತ 9,900ರಲ್ಲಿ 495 ಪಾಸಿಟಿವ್. ಪಾಸಿಟಿವ್ ಬಂದವರಲ್ಲಿ ನಿಜವಾದ ರೋಗಿಗಳು 16 ಶೇಕಡಾ ಮಾತ್ರ. ಆಸ್ಪತ್ರೆಯ ಒಳರೋಗಿಗಳ ಮೇಲೆ ಅಳೆದ ಅಂಕಿಯನ್ನು ಊರಿನ ಶಿಬಿರಕ್ಕೆ ಒಯ್ಯಬಾರದು ಎನ್ನುವುದು ಇದಕ್ಕೇ.

ಅರ್ಥಶಾಸ್ತ್ರದ ಕಾಲಶ್ರೇಣಿಯಲ್ಲಿ ಆರ್-ವರ್ಗ 0.98 ಬಂದಿದೆ. ಒಳ್ಳೆಯದೇ ಅಲ್ಲವೇ?

ಒಂದರ ಏರುಪೇರನ್ನು ಇನ್ನೊಂದು ಎಷ್ಟು ವಿವರಿಸುತ್ತದೆ ಎಂಬ ಅಳತೆ ಆರ್-ವರ್ಗ. ವರ್ಷ ವರ್ಷ ಏರುವ ಯಾವ ಎರಡು ಸರಣಿ ತೆಗೆದುಕೊಂಡರೂ ಹಾಗೇ ಬರುತ್ತದೆ, ಮೊಬೈಲ್ ಸಂಪರ್ಕಗಳೂ ತೊಗರಿ ಬೇಳೆಯ ದರವೂ ಆದರೂ. 1926ರಲ್ಲೇ ಯೂಲ್ ಇದನ್ನು ತೋರಿಸಿದ್ದರು. 1974ರಲ್ಲಿ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಒಂದು ಸುಲಭ ಎಚ್ಚರಿಕೆ ಕೊಟ್ಟರು: ಆರ್-ವರ್ಗವು ಡರ್ಬಿನ್-ವಾಟ್ಸನ್ ಅಂಕಿಗಿಂತ (ಒಂದು ವರ್ಷದ ಶೇಷ ಮುಂದಿನ ವರ್ಷದ್ದಕ್ಕೆ ಅಂಟಿದೆಯೇ ಎಂದು ಹೇಳುವ ಅಂಕಿ) ದೊಡ್ಡದಾದರೆ ಆ ರಿಗ್ರೆಶನ್ ಹುಸಿ ಎಂದು ಶಂಕಿಸಿ. ಸರಣಿ ಒಂದು ಸರಾಸರಿಯ ಸುತ್ತ ನಿಲ್ಲುತ್ತದೆಯೋ ಅಲೆಯುತ್ತಾ ಹೋಗುತ್ತದೆಯೋ ಎಂದು ನೋಡುವ ಎಡಿಎಫ್ ಪರೀಕ್ಷೆ ಮಾಡಿ, ಬೇಕಾದರೆ ವರ್ಷದಿಂದ ವರ್ಷಕ್ಕಾದ ಬದಲಾವಣೆಯನ್ನು ತೆಗೆದುಕೊಂಡು ನೋಡಿ. ಸಂಬಂಧ ಉಳಿದರೆ ಮಾತಾಡಲು ಏನೋ ಇದೆ.

ಜನಗಣತಿ, ಎನ್‌ಎಫ್‌ಎಚ್‌ಎಸ್‌ನಂಥ ಸರ್ಕಾರಿ ಡೇಟಾ ಬಳಸುವಾಗ?

ಕರ್ನಾಟಕದ ಜಿಲ್ಲಾವಾರು ಹೋಲಿಕೆ ಮಾಡುವವರು ಗಡಿಗಳನ್ನು ಮೊದಲು ನೋಡಿ. 1991ರ ಜನಗಣತಿಯಲ್ಲಿ 20 ಜಿಲ್ಲೆ. 1997ರಲ್ಲಿ ಏಳು ಸೇರಿದವು, 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. 1991ರ ಧಾರವಾಡದಲ್ಲಿ ಗದಗ, ಹಾವೇರಿ ಎರಡೂ ಇದ್ದವು. ಅದನ್ನು 2011ರ ಧಾರವಾಡದ ಜೊತೆ ಇಟ್ಟರೆ ಜನಸಂಖ್ಯೆ ಕರಗಿದಂತೆ ಕಾಣುತ್ತದೆ. ತಾಲೂಕು ಅಂಕಿಗಳಿಂದ ಹಳೆಯ ಜಿಲ್ಲೆಯನ್ನು ಮತ್ತೆ ಕಟ್ಟಬೇಕು.

2019-21ರ ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಸುಮಾರು 6.37 ಲಕ್ಷ ಮನೆಗಳ ಸಮೀಕ್ಷೆ. ಅದರ ತೂಕದ ಕಾಲಂ (ಲೆಕ್ಕದಲ್ಲಿ ಒಂದೊಂದು ಮನೆಗೆ ಎಷ್ಟು ಪಾಲು ಎಂಬ ಸಂಖ್ಯೆ, ದೇಹದ ತೂಕವಲ್ಲ) ಬಳಸದೆ ತೆಗೆದ ಶೇಕಡಾವಾರು ರಾಜ್ಯದ್ದಲ್ಲ. ತೂಕವನ್ನು 10 ಲಕ್ಷದಿಂದ ಭಾಗಿಸಿ, ಸ್ತರ ಮತ್ತು ಪ್ರಾಥಮಿಕ ಘಟಕದ ಕಾಲಂಗಳನ್ನೂ ಸಾಫ್ಟ್‌ವೇರಿಗೆ ತಿಳಿಸಿ. ಇಲ್ಲದಿದ್ದರೆ ಮಾನಕ ದೋಷ ಕುಗ್ಗಿ ಕಾಣುತ್ತದೆ.

ಕ್ಷೇತ್ರಕಾರ್ಯಕ್ಕೆ ನಾಲ್ವರನ್ನು ಇಟ್ಟುಕೊಂಡಿದ್ದೇನೆ. ಅವರ ಕೆಲಸ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಗಳ ಕಾಲದಲ್ಲಿ ರೂಪಿಸಿದ ಉಪಾಯ ಇವತ್ತಿಗೂ ಅಗ್ಗ: ಒಬ್ಬೊಬ್ಬರಿಗೆ ಒಂದೊಂದು ಹಳ್ಳಿ ಹಂಚದೆ, ಪ್ರತಿ ಹಳ್ಳಿಯ ಮಾದರಿಯನ್ನೂ ಯಾದೃಚ್ಛಿಕವಾಗಿ ಭಾಗ ಮಾಡಿ ಬೇರೆ ಬೇರೆಯವರಿಗೆ ಕೊಡಿ. ಒಂದೇ ಹಳ್ಳಿಯಲ್ಲಿ ಒಬ್ಬರಿಗೆ ಸರಾಸರಿ ಆದಾಯ 9,000, ಇನ್ನೊಬ್ಬರಿಗೆ 14,000 ಬಂದರೆ ವ್ಯತ್ಯಾಸ ಹಳ್ಳಿಯದಲ್ಲ, ಕೇಳಿದವರದು.

ಸಾಹಿತ್ಯ, ಇತಿಹಾಸ, ಪುರಾತತ್ತ್ವದಲ್ಲಿ ಇದಕ್ಕೆಲ್ಲ ಏನು ಕೆಲಸ?

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ಎರಡು ಗುಂಪುಗಳ ನಡುವಿನ ದೂರ ಹೇಳುವ ಮಹಲನೋಬಿಸ್ ದೂರ ಅಲ್ಲಿ ಕೆಲಸಕ್ಕೆ ಬಂತು. ಮಡಕೆ ಚೂರು, ನಾಣ್ಯದ ತೂಕ, ಶಾಸನದ ಅಕ್ಷರದ ಆಕಾರಗಳಿಗೂ ಅದೇ ದಾರಿ ಹಿಡಿಯಬಹುದು.

ಕರ್ತೃತ್ವ ನಿರ್ಣಯದಲ್ಲಿ ಪ್ರಸಿದ್ಧವಾದದ್ದು 1964ರ ಮೋಸ್ಟೆಲರ್ ಮತ್ತು ವ್ಯಾಲೆಸ್ ಅಧ್ಯಯನ. ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ ಹ್ಯಾಮಿಲ್ಟನ್ ಬರೆದರೋ ಮ್ಯಾಡಿಸನ್ ಬರೆದರೋ ಎಂದು ವಿವಾದವಿದ್ದ 12 ಲೇಖನ ಮ್ಯಾಡಿಸನ್ ಬರೆದವು ಎಂಬ ಕಡೆಗೆ ಅದು ಬಲವಾಗಿ ವಾಲಿತು. ನೋಡಿದ್ದು ದೊಡ್ಡ ದೊಡ್ಡ ಪದಗಳನ್ನಲ್ಲ, ಬರೆಯುವವನ ಗಮನಕ್ಕೇ ಬಾರದ ಸಣ್ಣ ಪದಗಳನ್ನು. ವಿಷಯ ಬದಲಾದರೆ ದೊಡ್ಡ ಪದ ಬದಲಾಗುತ್ತದೆ, ಕೈಚಾಳಿ ಉಳಿಯುತ್ತದೆ.

ಇದನ್ನು ಕನ್ನಡಕ್ಕೆ ಹಾಗೇ ಎತ್ತಿ ತರಲು ಬರುವುದಿಲ್ಲ. ‘ಮನೆ, ಮನೆಯ, ಮನೆಯಲ್ಲಿ, ಮನೆಯಿಂದಲೇ’ ಕಂಪ್ಯೂಟರಿಗೆ ನಾಲ್ಕು ಪದ. ಇಂಗ್ಲಿಷ್ ಬಿಡಿ ಪದವಾಗಿ ಹೇಳುವುದನ್ನು ಕನ್ನಡ ಪ್ರತ್ಯಯವಾಗಿ ಬಾಲಕ್ಕೆ ಕಟ್ಟುತ್ತದೆ. ಹಾಗಾಗಿ ‘ಆದರೆ, ಮತ್ತು, ಕೂಡ, ಸಹ, ಮಾತ್ರ, ಎಂದು, ಅಂತ’ ಎಂಬಂಥ ಅವ್ಯಯಗಳ ಜೊತೆಗೆ -ಊ, -ಏ, -ಲ್ಲಿ, -ಇಂದ ಇವುಗಳನ್ನೂ ಬೇರ್ಪಡಿಸಿ ಎಣಿಸಬೇಕು, ಅಥವಾ ಪದ ಬಿಟ್ಟು ಮೂರು-ನಾಲ್ಕು ಅಕ್ಷರಗಳ ತುಣುಕುಗಳನ್ನು ಎಣಿಸಬೇಕು. ಹಳಗನ್ನಡ ಪದ್ಯದಲ್ಲಿ ಛಂದಸ್ಸೂ ಪ್ರಾಸವೂ ಪದ ಆರಿಸುತ್ತವೆ. ಕಂದವನ್ನು ಕಂದದ ಜೊತೆ ಹೋಲಿಸಿ, ವಚನದ ಜೊತೆ ಅಲ್ಲ. ಸಂಪಾದಕರು ತಿದ್ದಿದ ಪಾಠವೋ ಹಸ್ತಪ್ರತಿಯ ಪಾಠವೋ ಎಂಬುದನ್ನು ಬರೆದಿಡಿ. ನುಡಿಯಂಥ ಹಳೆಯ ಫಾಂಟಿನಲ್ಲಿ ಟೈಪ್ ಆದದ್ದನ್ನು ಯೂನಿಕೋಡಿಗೆ ತಂದು, ಕಣ್ಣಿಗೆ ಕಾಣದ ಜೋಡಕ ಅಕ್ಷರಗಳನ್ನು ಒಂದೇ ರೀತಿ ಮಾಡದಿದ್ದರೆ ನೋಡಲು ಒಂದೇ ಆದ ಪದ ಎರಡಾಗಿ ಎಣಿಕೆಯಾಗುತ್ತದೆ. ಪದಸಂಪತ್ತಿನ ಅನುಪಾತ (ಬೇರೆ ಬೇರೆ ಪದಗಳ ಸಂಖ್ಯೆಯನ್ನು ಒಟ್ಟು ಪದಗಳಿಂದ ಭಾಗಿಸಿದ್ದು) ಪಠ್ಯ ಉದ್ದವಾದಷ್ಟೂ ಇಳಿಯುವುದರಿಂದ ಎಲ್ಲ ಕೃತಿಗಳನ್ನೂ 1,000 ಪದಗಳ ತುಂಡು ಮಾಡಿ ಹೋಲಿಸಿ.

ಪತ್ರಿಕಾ ಬರಹಗಳನ್ನು ಇಬ್ಬರು ವರ್ಗೀಕರಿಸಿದರೆ ‘90 ಶೇಕಡಾ ಒಮ್ಮತ’ ಎಂದು ನಿಲ್ಲಿಸಬೇಡಿ. 100ರಲ್ಲಿ 85ಕ್ಕೆ ಇಬ್ಬರೂ ‘ಹೌದು’, 5ಕ್ಕೆ ಇಬ್ಬರೂ ‘ಇಲ್ಲ’, ಉಳಿದ ಹತ್ತರಲ್ಲಿ ಐದೈದು ಭಿನ್ನ ಎಂದಿದ್ದರೆ ಆಕಸ್ಮಿಕವಾಗಿಯೇ 82 ಶೇಕಡಾ ಒಮ್ಮತ ಬರುತ್ತದೆ. ಆ ಆಕಸ್ಮಿಕವನ್ನು ಕಳೆದು ಒಮ್ಮತ ಅಳೆಯುವ ಕಪ್ಪಾ ಕೇವಲ 0.44.

ಎಕ್ಸೆಲ್‌ನಲ್ಲೇ ಎಲ್ಲ ಮಾಡಿದರೆ ಆಗದೇ?

ತುಂಬಲು ಆಗುತ್ತದೆ, ವಿಶ್ಲೇಷಣೆಗೆ ಅಪಾಯ. ಎಕ್ಸೆಲ್ ಕೆಲವು ಜೀನ್ ಹೆಸರುಗಳನ್ನು ಸೆಪ್ಟೆಂಬರ್, ಮಾರ್ಚ್ ದಿನಾಂಕಗಳಾಗಿ ಬದಲಿಸುತ್ತಿದ್ದ ಕಾಟಕ್ಕೆ ಬೇಸತ್ತು 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹಳೆಯ ಎಕ್ಸೆಲ್ ಕಡತದ 65,536 ಸಾಲುಗಳ ಮಿತಿಯಿಂದಾಗಿ ಸುಮಾರು 16,000 ಕೋವಿಡ್ ಪ್ರಕರಣ ಲೆಕ್ಕ ತಪ್ಪಿದವು. ಸರ್ಕಾರಿ ಸಾಲದ ಬಗ್ಗೆ ರೈನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸೂತ್ರದ ವ್ಯಾಪ್ತಿ ಐದು ದೇಶಗಳನ್ನು ಬಿಟ್ಟಿತ್ತು. 2013ರಲ್ಲಿ ಅದನ್ನೂ ಇತರ ಆಯ್ಕೆಗಳನ್ನೂ ಸರಿಪಡಿಸಿದಾಗ ಸಾಲ ಹೆಚ್ಚಿದ್ದ ದೇಶಗಳ −0.1 ಶೇಕಡಾ ಇದ್ದ ಆರ್ಥಿಕ ಬೆಳವಣಿಗೆ 2.2 ಶೇಕಡಾ ಆಯಿತು.

ಒಂದು ಸಾಲಿಗೆ ಒಂದು ಘಟಕ, ಒಂದು ಕಾಲಂಗೆ ಒಂದು ಚರ. ಕೋಷ್ಟಕದ ಮನೆಗಳ ವಿಲೀನ (ಮರ್ಜ್) ಬೇಡ, ಬಣ್ಣದಲ್ಲಿ ಮಾಹಿತಿ ಬೇಡ. ಬೆಳಗಾಂ ಒಂದು ಕಡೆ, ಬೆಳಗಾವಿ ಇನ್ನೊಂದು ಕಡೆ ಬರೆದರೆ ಎರಡು ಊರಾಗುತ್ತದೆ. ಕನ್ನಡ ಅಂಕಿಯಲ್ಲಿ ‘೨೫’ ಎಂದು ತುಂಬಿದರೆ ಸಾಫ್ಟ್‌ವೇರ್ ಅದನ್ನು ಅಕ್ಷರವೆಂದು ಓದುತ್ತದೆ. ಉತ್ತರವಿಲ್ಲದ್ದಕ್ಕೆ 99 ತುಂಬಿ, ಅದನ್ನು ಘೋಷಿಸಲು ಮರೆತು, ಹದಿಹರೆಯದವರ ಸರಾಸರಿ ವಯಸ್ಸು 31 ಎಂದು ಬರೆದ ಪ್ರಬಂಧಗಳಿಗೆ ಕೊರತೆಯಿಲ್ಲ. ಮೂಲ ಕಡತವನ್ನು ಮುಟ್ಟದೆ ಇಟ್ಟು ನಕಲಿನ ಮೇಲೆ ಕೆಲಸ ಮಾಡಿ.

ಬಿಟ್ಟುಹೋದ ಉತ್ತರಗಳಿಗೆ ಸರಾಸರಿ ತುಂಬಬಹುದೇ?

ತುಂಬಿದರೆ ಏರುಪೇರು ಕೃತಕವಾಗಿ ಕುಗ್ಗುತ್ತದೆ. ಆ ಸಾಲುಗಳನ್ನೇ ಎಸೆಯುವುದೂ ದುಬಾರಿ: 10 ಚರಗಳಲ್ಲಿ ತಲಾ 5 ಶೇಕಡಾ ಅಲ್ಲಲ್ಲಿ ಬಿಟ್ಟಿದ್ದರೆ ಪೂರ್ತಿ ತುಂಬಿದ ಸಾಲು ಉಳಿಯುವುದು 60 ಶೇಕಡಾ. ಬಹು-ಪೂರಣ ವಿಧಾನ (ಖಾಲಿ ಜಾಗಕ್ಕೆ ಇರಬಹುದಾದ ಮೌಲ್ಯಗಳನ್ನು ಹಲವು ಸಲ ತುಂಬಿ ಫಲಿತಾಂಶಗಳನ್ನು ಒಟ್ಟುಗೂಡಿಸುವುದು) ಬಳಸಿ. ಅದಕ್ಕೂ ಮುಂಚೆ ಯಾರು ಬಿಟ್ಟರು, ಯಾಕೆ ಬಿಟ್ಟರು ನೋಡಿ. ಆದಾಯದ ಪ್ರಶ್ನೆ ಬಿಟ್ಟವರು ಹೆಚ್ಚಾಗಿ ಎರಡು ತುದಿಯವರು ಎಂದಾದರೆ ಯಾವ ವಿಧಾನವೂ ಪೂರ್ತಿ ಕಾಯುವುದಿಲ್ಲ.

ಯಾವ ಸಾಫ್ಟ್‌ವೇರ್ ಕಲಿಯಲಿ?

ಪರವಾನಗಿಗೆ ದುಡ್ಡಿಲ್ಲದಿದ್ದರೆ ಜಮೋವಿ ಅಥವಾ ಜಾಸ್ಪ್. ಎರಡೂ ಉಚಿತ, ಎಸ್‌ಪಿಎಸ್‌ಎಸ್ ಬಲ್ಲವರಿಗೆ ಒಂದು ಮಧ್ಯಾಹ್ನ ಸಾಕು. ಪಿಎಚ್‌ಡಿ ಮಾಡುವವರು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಮೂರು ತಿಂಗಳು ಕಷ್ಟ, ಆಮೇಲೆ ಗೈಡ್ ‘ಆ ಐದು ಜನರನ್ನು ತೆಗೆದು ಮತ್ತೆ ಮಾಡು’ ಎಂದಾಗ ಒಂದು ಸಾಲು ತಿದ್ದಿದರೆ ಮುಗಿಯಿತು.

ಪ್ರಬಂಧ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪದಗಳನ್ನು ಏನೆಂದು ಬಳಸಲಿ?

ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಂಭವನೀಯತೆ ಇವು ಶಾಲಾ ಪಠ್ಯದಿಂದಲೇ ಪರಿಚಿತ, ಧಾರಾಳವಾಗಿ ಬಳಸಿ. ತೊಡಕಿರುವುದು ಎರಡು ಪದಗಳಲ್ಲಿ. ‘ಮಾದರಿ’ ಎಂಬುದು ಆರಿಸಿಕೊಂಡ ಸ್ಯಾಂಪಲ್ಲಿಗೂ ಆಗುತ್ತದೆ, ರಿಗ್ರೆಶನ್ ಮಾಡೆಲ್ಲಿಗೂ ಆಗುತ್ತದೆ. ‘ಮಾದರಿಯ ದೋಷ’ ಎಂದರೆ ಯಾವುದು? ಒಂದಕ್ಕೆ ‘ಮಾದರಿ’, ಇನ್ನೊಂದಕ್ಕೆ ‘ಮಾಡೆಲ್’ ಅಥವಾ ‘ಪ್ರತಿರೂಪ’ ಎಂದು ಮೊದಲ ಅಧ್ಯಾಯದಲ್ಲೇ ಹಂಚಿಬಿಡಿ. ಎರಡನೆಯದು ‘ಮಹತ್ವ’. ‘ಮಹತ್ವದ ವ್ಯತ್ಯಾಸ ಕಂಡುಬಂದಿದೆ’ ಎಂದು ಬರೆದರೆ ಓದುವವರು ದೊಡ್ಡ ವ್ಯತ್ಯಾಸ ಎಂದೇ ತಿಳಿಯುತ್ತಾರೆ. ನಿಮ್ಮ ಹತ್ತಿರ ಇರುವುದು 5,000 ಜನರಲ್ಲಿ ಅರ್ಧ ಅಂಕದ ಅಂತರವಿರಬಹುದು. ‘ಸಾರ್ಥಕತಾ ಮಟ್ಟ’, ‘ಸಾಂಖ್ಯಿಕವಾಗಿ ಸಾರ್ಥಕ’ ಎಂದು ಬಳಸಿ, ಪಕ್ಕದಲ್ಲೇ ಅಂತರ ಎಷ್ಟು ಅಂಕ, ಎಷ್ಟು ಕಿಲೋ, ಎಷ್ಟು ರೂಪಾಯಿ ಎಂದು ಬರೆಯಿರಿ.